ಆರು ನೀರು

ರೊಬಸ್ಟಾ ನೋಡಲು ಬಂದಿದ್ದ ಸಿಂಗಾಪುರದ ಖರೀದಿದಾರ
ಮೇಜಿನ ಮೇಲೆ ಬಿಟ್ಟುಹೋದ ಪೊಟ್ಟಣ.
ಚೀನಾದ ಎಲೆ, ಊಲಾಂಗ್ ಅಂತ ಹೆಸರು. ಒಳಗೊಂದು ಚೀಟಿ:
ಪೀಚ್ ಹಣ್ಣಿನ ಪರಿಮಳ. ತೊಂಬತ್ತೈದು ಡಿಗ್ರಿ.
ಇಪ್ಪತ್ತು ಎಣಿಸಿ ಬಸಿಯಿರಿ.

ಉತ್ತಯ್ಯನವರು ಕನ್ನಡಕ ಏರಿಸಿ ಓದಿದರು,
ಪೊಟ್ಟಣ ಮೂಗಿಗೆ ಹಿಡಿದರು, ಹಿಡಿದೇ ಇದ್ದರು,
ಆಮೇಲೆ ನನ್ನ ಕಡೆ ನೂಕಿದರು.

ಹೋದ ವರ್ಷದ ಜ್ವರ ಅವರ ಮೂಗನ್ನು ಒಯ್ದ ಸುದ್ದಿ
ಕುಶಾಲನಗರದ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಗೊತ್ತಿರುವುದು ನನಗೊಬ್ಬಳಿಗೆ.
ಇಪ್ಪತ್ತಾರು ವರ್ಷ ಅವರ ಬಟ್ಟಲಿಗೆ ನೀರು ಕಾಯಿಸಿದವಳಿಗೆ
ಅಷ್ಟೂ ತಿಳಿಯುವುದಿಲ್ಲವೆ?
ಅವರು ಕಾಫಿಯನ್ನು ಸುರ್ರೆಂದು ಹೀರಿ, ಉಗುಳಿ, ನನ್ನ ಮುಖ ನೋಡುತ್ತಾರೆ.
ನಾನು ಹುಬ್ಬು ಎತ್ತಿದರೆ ಎಂಬತ್ತೆರಡು ಅಂಕ.
ಎತ್ತದಿದ್ದರೆ ಎಪ್ಪತ್ತಾರು.

“ಚೆನ್ನಾಜಿ, ನೀರಿಡು.”

ಬೋರಿನ ನೀರು ಗಡಸು, ಎಲೆಯ ಬಾಯಿ ಕಟ್ಟುತ್ತದೆ.
ನಲ್ಲಿಯದಕ್ಕೆ ಪುರಸಭೆಯ ವಾಸನೆ.
ಗೋದಾಮಿನ ಹಿಂದಿನ ಬಾವಿಯದು, ರಾತ್ರಿಯೇ ಸೇದಿಟ್ಟದ್ದು.
ಡಿಗ್ರಿ ನನಗೆ ಗೊತ್ತಿಲ್ಲ. ನೀರು ಮೊದಲು ಸುಮ್ಮನಿರುತ್ತದೆ,
ಆಮೇಲೆ ಕೆಟಲಿನ ತಳದಲ್ಲಿ ಸಾಸಿವೆ ಸಿಡಿದ ಹಾಗೆ ಚಿಟಿಚಿಟಿ,
ಆಮೇಲೆ ಗೊಣಗು.
ಗೊಣಗು ನಿಂತು ಕುದಿ ಬರುವ ಮುಂಚೆ
ಒಂದು ಉಸಿರಿನಷ್ಟು ಜಾಗವಿದೆ.
ಅಲ್ಲಿ ಇಳಿಸಬೇಕು.

ಎಲೆಯೋ, ಕಪ್ಪಗೆ ತಿರುಚಿಕೊಂಡು ಹಳೇ ಬೂಟಿನ ಲಾಡಿ.
ಕಾಫಿ ಬಟ್ಟಲಿಗೇ ಹಾಕಿ, ಸುರಿದು, ಸಾಸರು ಮುಚ್ಚಿದೆ.
ಮೊದಲ ನೀರು ಚೆಲ್ಲಿ ಎಂದಿತ್ತು ಚೀಟಿ.
ಕಾಯಿಸಿದ ನೀರು ಚೆಲ್ಲಿ ನನಗೆ ಅಭ್ಯಾಸವಿಲ್ಲ, ಕುಡಿದೆ.
ಒದ್ದೆ ಗೋಣಿಚೀಲ. ಚೀಟಿ ಹೇಳಿದ್ದು ಸರಿ.

ಎರಡನೆಯದಕ್ಕೆ ಕೇಳಿದರು, “ಏನು ಹಣ್ಣು?”
ಪೀಚ್ ನಾನು ತಿಂದವಳಲ್ಲ.
ಮಡಿಕೇರಿಯ ಬೇಕರಿಯಲ್ಲಿ ಡಬ್ಬಿಯ ಮೇಲೆ ನೋಡಿದ್ದೇನೆ,
ಹಳದಿ ಕಪಾಳಕ್ಕೆ ಯಾರೋ ಬಾರಿಸಿದ ಹಾಗೆ ಕೆಂಪು.
“ಪನ್ನೇರಳೆ” ಎಂದೆ. “ಕಚ್ಚಿದರೆ ನೀರು ನೀರು,
ಆದರೆ ಮೂಗಿನೊಳಗೆ ಯಾರೋ ಪನ್ನೀರು ಎರಚಿ ಓಡುತ್ತಾರಲ್ಲ,
ಹಾಗೆ.”

ಮೂರನೆಯ ನೀರು.
ಕುಡಿಯುವ ಮೊದಲು ಸಾಸರಿನ ಅಡಿ ಮೂಸಿದೆ.
ಸುಂಟಿಕೊಪ್ಪದಲ್ಲಿ ಬಸ್ಸು ಕೆಟ್ಟು ನಿಂತ ಒಂದು ಮಧ್ಯಾಹ್ನ,
ಪಕ್ಕದ ಸೀಟಿನ ಮುದುಕಿ ಮಡಿಲಿನಿಂದ ತೆಗೆದುಕೊಟ್ಟದ್ದು.
ಕಿತ್ತಳೆ ಅಲ್ಲ. ಕಿತ್ತಳೆ ಸುಲಿದ ಉಗುರು.
ಸಂಜೆ ಮುಖ ತೊಳೆಯುವಾಗ ಮತ್ತೆ ಸಿಗುತ್ತದಲ್ಲ, ಅದು.

ಅವರ ಪೆನ್ನು ನಿಂತಿತು.
“ತೋಟದ್ದೋ, ಲಾರಿಯಲ್ಲಿ ಬರುವಂಥದ್ದೋ?”
“ತೋಟದ್ದು. ಸಿಪ್ಪೆ ಸಡಿಲ, ಎಳೆದರೆ ಅಂಗಿಯ ಹಾಗೆ ಬರುವಂಥದ್ದು.”
“ನಮ್ಮಲ್ಲಿ ನಾನೂರು ಗಿಡ ಇತ್ತು” ಎಂದರು.
ಹಳದಿರೋಗ ಎಂದು ಕಡಿದದ್ದನ್ನು ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಉಗುಳುವ ಪಾತ್ರೆಯನ್ನು ನನ್ನತ್ತ ಸರಿಸಿದರು.

ನಾನು ಆಗಲೇ ನುಂಗಿಬಿಟ್ಟಿದ್ದೆ.
ಗಂಟಲಲ್ಲಿ ಸ್ವಲ್ಪ ಒಗರು. ಅದು ಹೋದ ಮೇಲೆ
ನೆಲ್ಲಿಕಾಯಿ ತಿಂದು ನೀರು ಕುಡಿದಂಥ ಸಿಹಿ,
ಎಲ್ಲಿಂದ ಬಂತೆಂದು ತಿರುಗಿ ನೋಡುವಂಥದ್ದು.

ನಾಲ್ಕು, ಐದು. ಎಲೆ ಈಗ ಪೂರಾ ಬಿಚ್ಚಿಕೊಂಡು
ಬಟ್ಟಲು ತುಂಬ ಕಾಲು ಚಾಚಿ ಮಲಗಿದೆ.
ನಡು ಹಸಿರು, ಅಂಚಿಗೆ ಮಾತ್ರ ಕೆಂಪು,
ಹುತ್ತರಿಯ ದಿನ ಉತ್ತಯ್ಯನವರು ಕುಪ್ಯದ ಮೇಲೆ ಬಿಗಿಯುವ
ಚೇಲೆಯ ಕೆಂಪು.
ತೋರಿಸಿದೆ. ಕಣ್ಣಿಗೆ ಜ್ವರವೇನೂ ಮಾಡಿಲ್ಲ, ನಕ್ಕರು.

ಆರನೆಯ ನೀರಿಗೆ ಹಣ್ಣು ಹೊರಟುಹೋಗಿತ್ತು,
ಬಾವಿ ಉಳಿದಿತ್ತು.
ಅದನ್ನು ಅವರಿಗೂ ಬಸಿದೆ.
ಕುಡಿದರು. ಉಗುಳಲಿಲ್ಲ.
“ಇದು ನನಗೂ ಗೊತ್ತಾಗುತ್ತೆ” ಎಂದರು.

ಪರಿಮಳ ಎಂಬ ಗೆರೆಯ ಎದುರು, ಯಾವತ್ತೂ ಇಂಗ್ಲಿಷು ಬರೆಯುವಲ್ಲಿ,
ವಕ್ರ ಕನ್ನಡದಲ್ಲಿ: ಉಗುರು.

ಊಟದ ಗಂಟೆ ಮುಗಿದು ಹಲ್ಲರ್ ಮತ್ತೆ ಗುಡುಗಿತು,
ಕಿಟಕಿಯಲ್ಲಿ ಹೊಟ್ಟಿನ ಧೂಳು ಏಳತೊಡಗಿತು.
ಹದಿನಾಲ್ಕು ಸ್ಯಾಂಪಲ್ಲು ಕಾದಿದ್ದವು.
ಕೆಟಲು ತುಂಬಿಸಿದೆ,
ಹುಬ್ಬು ಸರಿಮಾಡಿಕೊಂಡೆ.